ಲವಂಗ ಒಂದು ಚಮಚ ಹೆಚ್ಚು

ನವೆಂಬರ್ 24, ಭಾನುವಾರ

ಒಣದ್ರಾಕ್ಷಿ ಆಯಿತು. ಚೆರ್ರಿ ಆಯಿತು. ಕಿತ್ತಳೆ ಸಿಪ್ಪೆ ಹೆಚ್ಚಿ ಹೆಚ್ಚಿ ಬೆರಳೆಲ್ಲ ಅಂಟು. ಎಲ್ಲವನ್ನೂ ರಮ್ಮಿನಲ್ಲಿ ನೆನೆಹಾಕಿ ಜಾಡಿ ಮುಚ್ಚಿದೆ. ಕ್ರಿಸ್‌ಮಸ್ ಕೇಕಿಗೆ ಈ ಮನೆಯಲ್ಲಿ ಹದಿನಾರು ವರ್ಷದಿಂದ ನನ್ನ ಕೆಲಸ ಇಷ್ಟೇ. ಮಸಾಲೆ ಅತ್ತೆಯದು. ಚಕ್ಕೆ, ಲವಂಗ, ಜಾಯಿಕಾಯಿ, ಒಣಶುಂಠಿ — ಅಡುಗೆಮನೆ ಬಾಗಿಲು ಹಾಕಿಕೊಂಡು ಹುರಿದು ಪುಡಿ ಮಾಡುತ್ತಾರೆ. ಅಳತೆ ಚೀಟಿಯಲ್ಲಿಲ್ಲ, ಕೈಯಲ್ಲಿದೆ. ಆ ಹೊತ್ತಿನಲ್ಲಿ ನನ್ನನ್ನು ಒಮ್ಮೆಯೂ ಒಳಗೆ ಕರೆದದ್ದಿಲ್ಲ.

ಇವತ್ತು ಓರಗಿತ್ತಿಯನ್ನು ಕರೆದರು. ಮದುವೆಯಾಗಿ ಬಂದು ಆರು ತಿಂಗಳು. "ಚಿಕ್ಕವಳೇ, ಬಾ ಇಲ್ಲಿ." ಬಾಗಿಲು ಮುಚ್ಚಿತು. ನಾನು ಚಾಕು ಹಿಡಿದು ಹೊರಗೆ.

ನವೆಂಬರ್ 25

ಇವರ ಹತ್ತಿರ ಹೇಳಿಕೊಂಡೆ. ಪೇಪರಿನಿಂದ ತಲೆ ಎತ್ತದೆ — "ಹೆಚ್ಚೋದ್ರಲ್ಲಿ ನಿನ್ನ ಕೈ ಯಾರಿಗೂ ಬರಲ್ಲ ಬಿಡು." ಹೊಗಳಿಕೆಯಂತೆ. ಮೈ ಉರಿಯಿತು. ಹೌದು, ಹೊಟ್ಟೆಕಿಚ್ಚೇ. ಇಲ್ಲಿ ಬರೆಯದೆ ಇನ್ನೆಲ್ಲಿ ಬರೆಯಲಿ.

ನವೆಂಬರ್ 28

ಅವಳ ಕೈಯಲ್ಲಿ ಇನ್ನೂ ಜಾಯಿಕಾಯಿ ಘಮ. ಬೇಕೆಂದೇ ತೊಳೆಯುವುದಿಲ್ಲವೇನೋ. ತಮಾಷೆಗೆ ಎಂಬಂತೆ ಅಳತೆ ಕೇಳಿದೆ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ... ಯಾರಿಗೂ ಹೇಳ್ಬೇಡ ಅಂದಿದ್ದಾರೆ."

ಈ ಮನೆಯಲ್ಲಿ ನಾನೂ ಈಗ ಯಾರೋ ಒಬ್ಬಳು.

ಡಿಸೆಂಬರ್ 7, ಶನಿವಾರ

ಮಾಡಿಬಿಟ್ಟೆ. ಮಸಾಲೆ ಡಬ್ಬಿಗೆ ಒಂದು ದೊಡ್ಡ ಚಮಚ ಲವಂಗದ ಪುಡಿ ಸೇರಿಸಿದೆ. ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ ನನ್ನದು. ಲವಂಗ ಏನು ಮಾಡುತ್ತದೆಂದು ನನಗೆ ಹೇಳಿಕೊಡಬೇಕಿಲ್ಲ. ಚಿಟಿಕೆ ನೆಕ್ಕಿ ನೋಡಿದೆ — ಹತ್ತು ನಿಮಿಷ ನಾಲಿಗೆ ಜೋಮು. ನಾಳೆ ಕೇಕು. ಹಿಟ್ಟಿಗೆ ಹಾಕುವ ಮೊದಲು ಅತ್ತೆ ರುಚಿ ನೋಡಿಯೇ ನೋಡುತ್ತಾರೆ. ಮುಖ ಸಿಂಡರಿಸುತ್ತಾರೆ. ಚಿಕ್ಕವಳ ಕೈಗುಣ ಎಲ್ಲರಿಗೂ ಗೊತ್ತಾಗಲಿ.

ಡಿಸೆಂಬರ್ 8, ಬೆಳಿಗ್ಗೆ 11

ಅತ್ತೆ ಚಿಟಿಕೆ ಪುಡಿ ನಾಲಿಗೆಗೆ ಇಟ್ಟರು. ಕಾದೆ.

"ಸರಿಯಾಗಿದೆ. ಹೋದ ವರ್ಷದ ಹಾಗೇ."

ಆಮೇಲೆ ಓರಗಿತ್ತಿ ನೆಕ್ಕಿದಳು. ನನ್ನ ಮುಖ ನೋಡಿದಳು. ಮರುಗಳಿಗೆ ಡಬ್ಬಿ ಸಿಂಕಿನಲ್ಲಿ, ನಲ್ಲಿ ನೀರಿನ ಕೆಳಗೆ. "ಕೈಗೇನು ಬೆಣ್ಣೆ ಸವರ್ಕೊಂಡಿದ್ದೀಯಾ?" ಎಂದು ಅತ್ತೆ ಬೈದರು. ತಲೆ ತಗ್ಗಿಸಿ ಬೈಸಿಕೊಂಡಳು.

ಬಟ್ಟೆ ಒಣಹಾಕುವಾಗ ಹೇಳಿದಳು. "ಜೂನಲ್ಲಿ ಜ್ವರ ಬಂತಲ್ಲ ಅಕ್ಕ, ಆವಾಗಿಂದ ಅತ್ತೆಗೆ ವಾಸನೆ, ರುಚಿ ಎರಡೂ ಇಲ್ಲ. ಹುರಿದದ್ದು ಸಾಕಾ ಅಂತ ಮೂಸಿ ಹೇಳೋಕೆ ನನ್ನ ಕರೆದ್ರು."

"ನನ್ನ ಕರೀಬಹುದಿತ್ತಲ್ಲ."

"ನೀವು ಹದಿನಾರು ವರ್ಷ ತಿಂದಿದ್ದೀರಿ. ದೊಡ್ಡವಳಿಗೆ ತಕ್ಷಣ ಗೊತ್ತಾಗುತ್ತೆ, ಅವಳ ಮುಂದೆ ಸೋಲೋಕಾಗಲ್ಲ ಅಂದ್ರು."

ಲವಂಗದ ಮಾತೇ ಎತ್ತಲಿಲ್ಲ. ನನಗೆ ಅಳು ಬರಬೇಕಿತ್ತು. ಬಂದದ್ದು ಮತ್ತೆ ಹೊಟ್ಟೆಕಿಚ್ಚು. ಮಸಾಲೆ ಹೋಗಲಿ, ಅತ್ತೆ ತಮ್ಮ ಸೋಲನ್ನೂ ಅವಳ ಹತ್ತಿರವೇ ಹೇಳಿಕೊಂಡರಲ್ಲ.

ಮಧ್ಯಾಹ್ನ 3

ಹೊಸದಾಗಿ ಹುರಿಯುತ್ತಿದ್ದಾರೆ. ಓರಗಿತ್ತಿ ಬಾಗಿಲನ್ನು ಎರಡು ಬೆರಳಷ್ಟು ತೆರೆದಿಟ್ಟಿದ್ದಳು. ಸಂದಿಯಿಂದ ಚಮಚ ಚಾಚಿದಳು. ನೆಕ್ಕಿ, ಜಾಯಿಕಾಯಿ ಕಮ್ಮಿ ಎಂದು ಪಿಸುಗುಟ್ಟಿದೆ.

ಒಳಗಿನಿಂದ ಅತ್ತೆ — "ಕಳ್ಳಿ ಹಾಗೆ ಆಚೆ ಯಾಕೆ ನಿಂತಿದ್ದೀಯ ದೊಡ್ಡವಳೇ? ಬಾ ಒಳಗೆ."

ಹೋದೆ. ಬಾಣಲೆಯಿಂದ ಕಣ್ಣು ತೆಗೆಯದೆ ಹೇಳಿದರು: "ರುಚಿ ಹೋದ್ರೆ ಏನಂತೆ, ನಾಲಿಗೆ ಜೋಮು ಹಿಡಿದ್ರೆ ಗೊತ್ತಾಗಲ್ವಾ? ಯಾರ ಮುಖ ಹೇಗಾಗುತ್ತೆ ನೋಡೋಣ ಅಂತಲೇ ಸರಿಯಾಗಿದೆ ಅಂದೆ. ಲವಂಗ ಸುರಿದದ್ದು ಯಾರು?"

ಫೋನ್ ಬಂತೆಂದು ನೆಪ ಹೇಳಿ ರೂಮಿಗೆ ಬಂದು ಇದನ್ನು ಗೀಚುತ್ತಿದ್ದೇನೆ. ಗೋಡೆಯಾಚೆಯದೆಲ್ಲ ಕೇಳುತ್ತದೆ. "ನಾನೇ ಅತ್ತೆ, ಗೊತ್ತಾಗದೆ..." ಅನ್ನುತ್ತಿದ್ದಾಳೆ ಅವಳು.

ಮಸಾಲೆ ಅವಳದು. ಗುಟ್ಟೂ ಅವಳದೇ ಆಯಿತು. ಈಗ ನನ್ನ ತಪ್ಪೂ ಅವಳಿಗೇ ಬೇಕಂತೆ. ಅದೊಂದನ್ನು ಬಿಟ್ಟುಕೊಡುವುದಿಲ್ಲ. ಹೋಗಿ ಹೇಳುತ್ತೇನೆ — ಅತ್ತೆ, ಅದು