ಮೂರನೇ ರವಿವಾರ

ಶಹಾಬಾದ
ಗುರುವಾರ, ೧೩ ಫೆಬ್ರುವರಿ ೨೦೨೫

ಪ್ರೀತಿಯ ಅಕ್ಕಾ,

ಜೈಭೀಮ. ಅಕ್ಷರ ನೋಡಿದ ಕೂಡಲೇ ಹರಿದು ಹಾಕಬೇಡ, ಓದಿದ ಮೇಲೆ ಹರಿ. ಆರೋಗ್ಯ ಹೇಗಿದೆ? ರಾತ್ರಿ ಪಾಳಿ ಇನ್ನೂ ಮುಗಿದಿಲ್ಲವೆಂದು ಅವ್ವ ಹೇಳಿದಳು. ಪುಣೆಯ ವಾರ್ಡಿನಲ್ಲಿ ನಿನಗಿಂತ ಎರಡು ಪಟ್ಟು ತೂಕದವರನ್ನು ಮಗ್ಗುಲು ಬದಲಿಸಿ ಮಲಗಿಸುವ ನರ್ಸಮ್ಮ ನೀನು, ನಿನ್ನ ಟೊಂಕ ಹೇಗಿದೆ ಎಂದು ಈ ಮನೆಯಲ್ಲಿ ಯಾರೂ ಕೇಳಿಲ್ಲ. ನಾನು ಕೇಳುತ್ತಿದ್ದೇನೆ, ತಡವಾಗಿ. ಇನ್ನು ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ಪದ್ಧತಿ. ಚಿತ್ತಾಪುರದ ಕಾಲೇಜಿನಲ್ಲಿ ಪತ್ರಲೇಖನದ ಪಾಠ ಮಾಡುವಾಗ ಆ ಸಾಲನ್ನು ನಾನೇ ಬೋರ್ಡಿನ ಮೇಲೆ ಬರೆಯುತ್ತೇನೆ. ಇವತ್ತು ಬಿಟ್ಟಿದ್ದೇನೆ. ಬೇಕಾದರೆ ಎರಡು ಅಂಕ ಕಳೆದುಬಿಡು.

ನನ್ನ ನಂಬರು ಬ್ಲಾಕ್ ಮಾಡಿ ಇಪ್ಪತ್ತೆರಡು ದಿನ ಆಯಿತು. ಅಪ್ಪನ ಆಪರೇಶನ್ನಿನ ದಿನ ನೀನು ಫೋನಿನಲ್ಲಿ ಒಂದೇ ಮಾತು ಕೇಳಿದೆ: "ರತ್ನ್ಯಾ, ನಾ ಹೇಳಿದ ಮೂರು ಪ್ರಶ್ನೆ ಅಪ್ಪಗ ಕೇಳಿದ್ದಿ ಇಲ್ಲೋ?" ನಾನು "ಸಿಲಬಸ್ಸಿನ ಹೊರಗಿನ ಪ್ರಶ್ನೆ ಅಕ್ಕಾ ಅವು" ಎಂದೆ. ಬಾಯಿಗೆ ಬಂದ ಚೇಷ್ಟೆಯನ್ನು ನುಂಗಲು ಬಾರದ ರೋಗ ನನಗೆ ಮೊದಲಿನಿಂದಲೂ ಇದೆ, ನಿನಗೆ ಗೊತ್ತು. ನೀನು ಫೋನು ಇಟ್ಟೆ, ಮತ್ತೆ ಎತ್ತಲಿಲ್ಲ. ಅದಕ್ಕೇ ಈ ಪತ್ರ. ನಮ್ಮ ಓಣಿಯ ಮಶಾಕನ ಲಾರಿ ಇವತ್ತು ಸಂಜೆ ಫರ್ಸಿ ಕಲ್ಲು ಹೇರಿಕೊಂಡು ಪುಣೆಗೆ ಹೊರಡುತ್ತದೆ. ನಾಳೆ ಮಧ್ಯಾಹ್ನ ನಿನ್ನ ಹಾಸ್ಟೆಲಿನ ಗೇಟಿಗೆ ತಂದು ಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ.

ಮೊದಲು ಅಪ್ಪನ ಸಂಗತಿ. ಆಸ್ಪತ್ರೆಯಿಂದ ಬಂದು ಹತ್ತು ದಿನ ಆಯಿತು. ಎಡಗಾಲಿನ ಪಂಜ, ಬೆರಳಿನ ಕಡೆಯ ಪಾದ, ಮೇಲೇಳುವುದಿಲ್ಲ. ಗೋಡೆ ಹಿಡಿದು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಚಪ್ಪಲಿ ಹಿಂದೆ ಉಳಿಯುತ್ತದೆ, ಉಳಿದದ್ದು ಅವನಿಗೆ ತಿಳಿಯುವುದಿಲ್ಲ. ಅವ್ವ ಅದನ್ನು ಎತ್ತಿಕೊಂಡು ಹಿಂದೆ ಹಿಂದೆ ಹೋಗುತ್ತಾಳೆ. ಮೂತ್ರಕ್ಕೆ ನಳಿಕೆ ಹಾಕಿದ್ದಾರೆ. ಯಾರಾದರೂ ಮಾತಾಡಿಸಲು ಬಂದರೆ ಅಪ್ಪ ಮೊದಲು ಮಾಡುವ ಕೆಲಸವೆಂದರೆ ಮಂಚದ ಕೆಳಗಿನ ಚೀಲದ ಮೇಲೆ ಟವೆಲ್ ಎಳೆಯುವುದು. ಮೂವತ್ತೆರಡು ವರ್ಷ ಖಣಿಯಲ್ಲಿ ಕಲ್ಲು ಎಬ್ಬಿಸಿದ ಮನುಷ್ಯನನ್ನು ಎಬ್ಬಿಸಲು ಈಗ ಇಬ್ಬರು ಬೇಕು. ಮೂರು ತಿಂಗಳು ದಿನಾ ವ್ಯಾಯಾಮ ಮಾಡಿದರೆ ಎಷ್ಟು ಮರಳಿ ಬರುತ್ತದೋ ಅಷ್ಟೇ, ಆ ಬೆನ್ನಿಗೆ ಇನ್ನೊಂದು ಪೆಟ್ಟು ಬಿದ್ದರೆ ಅದೂ ಇಲ್ಲ ಎಂದು ಡಾಕ್ಟರ್ ಹೇಳಿ ಕಳಿಸಿದ್ದಾರೆ. ಇದೆಲ್ಲ ಯಾಕಾಯಿತು, ಯಾಕೆ ತಡವಾಯಿತು ಎಂಬ ನಿನ್ನ ಪ್ರಶ್ನೆಗೆ ಚೇಷ್ಟೆ ಇಲ್ಲದೆ ಉತ್ತರ ಬರೆಯುತ್ತೇನೆ. ಬಂದರೆ ಕ್ಷಮಿಸು, ಅದು ಕೈಯ ಚಟ.

ಉತ್ತರ ನನ್ನ ಬಲಗಾಲಿನಿಂದ ಶುರುವಾಗುತ್ತದೆ. ಎಲ್ಲರೂ ತಲೆ ಮುಂದಾಗಿ ಹುಟ್ಟಿದರೆ ನಾನು ಕಾಲು ಮುಂದಾಗಿ ಹುಟ್ಟಿದೆ, ಅದಕ್ಕೇ ಜೀವನದಲ್ಲಿ ತಲೆಗೆ ಕೆಲಸ ಕಡಿಮೆ ಎಂದು ನೀನೇ ಆಡಿಕೊಳ್ಳುತ್ತಿದ್ದೆ. ಹಾಗೆ ಹುಟ್ಟಿದವನ ಕಾಲಿನಲ್ಲಿ ಗುಣ ಇರುತ್ತದೆ, ಟೊಂಕ ಹಿಡಿದವರನ್ನು ಬೋರಲು ಮಲಗಿಸಿ ಅವನಿಂದ ಮೆಟ್ಟಿಸಿದರೆ ನೋವು ಬಿಡುತ್ತದೆ ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಮೂರು ರವಿವಾರ, ರವಿವಾರಕ್ಕೆ ಮೂರು ಸಲ. ಮೊದಲು ಬಿಸಿನೀರಿನಿಂದ ಕಾಲು ತೊಳೆಯಬೇಕು. ಮೆಟ್ಟುವುದು ಮುಗಿಯುವವರೆಗೆ ಮಲಗಿದವರು ಬಾಯಿ ಬಿಡಬಾರದು. ನಾವು ಕಾಳಗಿ ಹತ್ತಿರದ ಹಳ್ಳಿಯಲ್ಲಿದ್ದಾಗ ನನಗೆ ಒಂಬತ್ತು ವರ್ಷ, ಜೋಳದ ರಾಶಿಯ ಹೊತ್ತಿಗೆ ಚಂದ್ರಾಮಪ್ಪ ಗೌಡರ ಟೊಂಕ ಹಿಡಿದು ನನಗೆ ಕರೆ ಬಂದದ್ದು ನಿನಗೆ ನೆನಪಿರಬೇಕು. ಅವರ ಕಟ್ಟೆ ಹತ್ತಲು ನಮ್ಮವರಿಗೆ ಪರವಾನಗಿ ಇರಲಿಲ್ಲ, ಆದ್ದರಿಂದ ಗೌಡರೇ ಅಂಗಳಕ್ಕೆ ಇಳಿದು ಗೋಣಿತಟ್ಟಿನ ಮೇಲೆ ಮಲಗಿದರು. ಗೌಡತಿ ತಾಮ್ರದ ಚಂಬಿನಿಂದ ಮಾರುದ್ದ ದೂರ ನಿಂತು ನನ್ನ ಕಾಲಿಗೆ ನೀರು ಸುರಿದಳು. ಮೂರನೇ ರವಿವಾರ ಗೌಡರು ಎದ್ದು ನಡೆದರು. ನಮ್ಮ ಕಾಲಿನ ನೀರು ತಾಗಿದ ಚಂಬನ್ನು ಒಳಗೆ ಒಯ್ಯಲಾಗದೆ "ನೀವೇ ಇಟ್ಕೊಳ್ರಿ" ಎಂದು ಕೊಟ್ಟರು. ಅಪ್ಪ ಅದನ್ನು ಇನಾಮು ಎಂದುಕೊಂಡು ತಲೆಯ ಮೇಲೆ ಇಟ್ಟುಕೊಂಡು ಮನೆಗೆ ತಂದ.

ಮುಂದೆ ಅಪ್ಪ ಮನೆಯಿಂದ ದೇವರ ಫೋಟೊ ತೆಗೆದು ನೀಲಿ ಕೋಟಿನವರ ಫೋಟೊ ಹಾಕಿದ, ನಮ್ಮಿಬ್ಬರ ರಟ್ಟೆಯ ತಾಯಿತ ಕತ್ತರಿಸಿದ, ಅಮಾಸೆ ಹುಣ್ಣಿಮೆ ಕೇಳಿದವರಿಗೆ ಕ್ಯಾಲೆಂಡರ್ ತೋರಿಸಿ ನಕ್ಕ. ಎಲ್ಲವನ್ನೂ ಹೊರಗೆ ಹಾಕಿದವನು ನನ್ನ ಕಾಲೊಂದನ್ನು ಮಾತ್ರ ಮನೆಯೊಳಗೆ ಇಟ್ಟುಕೊಂಡ. ನಾನು ಎಂ.ಎ. ಮಾಡಿದ್ದು ಅವನು ಹೊರಗೆ ಹೇಳುವುದು ಅಪರೂಪ. "ಗೌಡರ ಬೆನ್ನ ಮ್ಯಾಲ ನನ್ನ ಮಗ ಕಾಲಿಟ್ಟಾನ, ಅವರಽ ಕರದು ಇಡಿಸಿಕೊಂಡಾರ" ಎಂಬುದನ್ನು ಮಾತ್ರ ವಾಡಿ ಸ್ಟೇಶನ್ನಿನಲ್ಲಿ ಪಕ್ಕಕ್ಕೆ ಕುಳಿತ ಗುರುತಿಲ್ಲದವರಿಗೂ ಹೇಳಿದ್ದಾನೆ. ನಾನು ಅದನ್ನು ನಂಬಿದ್ದೆನೇ? ಅರ್ಧ ನಂಬಿದ್ದೆ. ಮೆಟ್ಟಿಸಿಕೊಂಡವರು ಎದ್ದು ಹೋಗುತ್ತಿದ್ದರು, ಹೋಗುವಾಗ ನಾಲ್ಕು ಒಳ್ಳೆಯ ಮಾತು ಆಡುತ್ತಿದ್ದರು. ಅಷ್ಟು ಸಾಕಾಗಿತ್ತು.

ಜನವರಿ ಒಂಬತ್ತಕ್ಕೆ ಖಣಿಯಲ್ಲಿ ದೊಡ್ಡ ಫರ್ಸಿಯೊಂದನ್ನು ಮಗ್ಗುಲಿಗೆ ಎತ್ತುವಾಗ ಅಪ್ಪನ ಟೊಂಕ ಹಿಡಿಯಿತು. ಹನ್ನೆರಡಕ್ಕೆ ಮೊದಲ ರವಿವಾರ, ಮೆಟ್ಟಿದೆ. "ಹಗುರಾತು" ಎಂದ. ಆ ಗುರುವಾರ ನೀನು ಫೋನು ಮಾಡಿ ಮೂರು ಪ್ರಶ್ನೆ ಬರೆಸಿದೆ. ಮೂತ್ರ ಸಲೀಸಾಗಿ ಆಗುತ್ತದೆಯೇ, ತೊಡೆಯ ಸಂದಿನಲ್ಲಿ ಮುಟ್ಟಿದ್ದು ತಿಳಿಯುತ್ತದೆಯೇ, ಪಂಜ ಎತ್ತಲು ಬರುತ್ತದೆಯೇ. ಮೂರರಲ್ಲಿ ಒಂದು ಕೆಟ್ಟರೂ ಅವತ್ತೇ ಕಲಬುರಗಿಗೆ ಕರೆದೊಯ್ಯಿ, ಮುಂಜಾನೆಗೆ ಕಾಯಬೇಡ ಎಂದೆ. ಹಾಳೆ ಹಿಡಿದುಕೊಂಡು ಅಪ್ಪನ ಮಂಚದವರೆಗೆ ಹೋದೆ. ಅಕ್ಕಾ, ಐವತ್ತೆಂಟು ವರ್ಷದ ಅಪ್ಪನಿಗೆ ಮಗ ನಿಂತುಕೊಂಡು ತೊಡೆಯ ಸಂದಿನ ಸಮಾಚಾರ ಹೇಗೆ ಕೇಳಬೇಕು? ನೂರು ಹುಡುಗರ ಮುಂದೆ ಶೃಂಗಾರರಸ ಪಾಠ ಮಾಡುವ ಬಾಯಿ ಅಲ್ಲಿ ಕಟ್ಟಿಹೋಯಿತು. ಹೊರಗೆ ಬಂದು ಅವ್ವನಿಗೆ "ಅಪ್ಪ ಬರೋಬರಿ ಇದ್ದಾನಿಲ್ಲ?" ಎಂದೆ. "ಹೂಂ, ಸ್ವಲ್ಪ ತಡಾ ಮಾಡಿ ಹೊರಗಿಂದ ಬರ್ತಾನ, ನೀರು ಕಮ್ಮಿ ಕುಡೀತಾನ ಅದಕ್ಕ" ಎಂದಳು. ಅದೇ ಮೊದಲನೇ ಪ್ರಶ್ನೆಯ ಉತ್ತರವಾಗಿತ್ತು. ನನಗೆ ತಿಳಿಯಲಿಲ್ಲ, ಅಥವಾ ತಿಳಿಯುವ ಮನಸ್ಸು ಇರಲಿಲ್ಲ. ನಿನಗೆ "ಮೂರೂ ಕೇಳಿದೆ, ಎಲ್ಲಾ ಬರೋಬರಿ ಅದ" ಎಂದು ಮೆಸೇಜು ಹಾಕಿದೆ. ಅದು ಸುಳ್ಳು.

ಎರಡನೇ ರವಿವಾರ ಅವ್ವ ಕಾಲು ತೊಳೆದಳು. ಮೊದಲ ಸಲ ಮೆಟ್ಟಿದಾಗ ಅಪ್ಪ ಉಸಿರು ಹಿಡಿದ. ಎರಡನೇ ಸಲಕ್ಕೆ ಬಲಗೈಯಿಂದ ನೆಲವನ್ನು ಎರಡು ಬಾರಿ ಬಡಿದ. ಬಾಯಿ ಬಿಡಬಾರದಲ್ಲ, ಅದಕ್ಕೆ ಕೈಯಿಂದ ಹೇಳಿದ. ನಾನು ನೋಡಿದೆ. ನೋಡಿ ಮೂರನೇ ಸಲವೂ ಮೆಟ್ಟಿದೆ, ಯಾಕೆಂದರೆ ಮೂರು ಆಗಬೇಕಿತ್ತು. ಎದ್ದು ಕೂತ ಮೇಲೆ "ಕಾಲು ನಂದ ಅಲ್ಲ ಅನಸ್ತದ" ಎಂದ. ಜೋಮು ಹಿಡಿದಿರಬೇಕು ಎಂದು ಎಣ್ಣೆ ತಿಕ್ಕಿದೆವು. ಸೋಮವಾರ ಕಾಲೇಜಿಗೆ ಹೋದೆ. ಮಂಗಳವಾರ ಮುಂಜಾನೆ ಹಾಸಿಗೆ ಒದ್ದೆಯಾಗಿತ್ತು. ಅಪ್ಪನಿಗೆ ಅದು ಗೊತ್ತೇ ಆಗಿರಲಿಲ್ಲ. ಅವ್ವ ದುಪ್ಪಟಿ ಎಳೆಯುವಾಗ ಅವನು ಗೋಡೆಯ ಕಡೆ ಮುಖ ಮಾಡಿದ.

ಕಲಬುರಗಿಯ ಆಸ್ಪತ್ರೆಯಲ್ಲಿ ನೋಡಿದವರು ಡಾಕ್ಟರ್ ಉಜ್ಮಾ, ನಿನ್ನ ವಯಸ್ಸಿನವರೇ. ಬೆನ್ನೆಲುಬಿನ ಮಣಿ ಮಣಿಯ ನಡುವಿನ ಮೆತ್ತೆಯೊಂದು ಒಡೆದು ಹಿಂದಕ್ಕೆ ಬಂದು ಕಾಲಿಗೂ ಮೂತ್ರಕ್ಕೂ ಹೋಗುವ ನರಗಳ ಕಟ್ಟನ್ನೇ ಒತ್ತಿಹಿಡಿದಿದೆ ಎಂದು ಫಿಲ್ಮು ತೋರಿಸಿದರು. ಅಪ್ಪ ಮಲಗಿದಲ್ಲಿಂದಲೇ "ಲಾರ್ಯಾಗ ಫರ್ಸಿ ನಡುವ ಹುಲ್ಲು ಇಡ್ತೀವಲ್ಲ ತಾಯಿ, ಆ ಹುಲ್ಲು ಸರದದ ಅನ್ರಿ" ಎಂದ. ಇಡೀ ಅನಾಟಮಿ ಅವನಿಗೆ ಒಂದೇ ಸಾಲಿನಲ್ಲಿ ತಿಳಿದಿತ್ತು. "ಬೆನ್ನ ಮ್ಯಾಲ ಯಾರರ ತುಳದಾರೇನ್ರಿ?" ಎಂದು ಅವರು ಕೇಳಿದಾಗ ಮಾತ್ರ ನನ್ನ ಮುಖ ನೋಡದೆ "ಯಾರೂ ಇಲ್ಲ" ಎಂದ. ನಾನು ಹೊರಗೆ ಹೋಗಿ ಅವರಿಗೆ ನಿಜ ಹೇಳಿದೆ. ಬೈಯಲಿಲ್ಲ. ಮೆಟ್ಟಿದ್ದರಿಂದಲೇ ಆಯಿತೆಂದು ಹೇಳಲಾರೆ, ಆಗಿಲ್ಲವೆಂದೂ ಹೇಳಲಾರೆ, ಐದು ದಿನ ತಡವಾದದ್ದು ಮಾತ್ರ ಖಂಡಿತ ಕೆಟ್ಟದ್ದಾಯಿತು ಎಂದರು. ಆಮೇಲೆ, ಹಾಗಾದರೆ ಉಳಿದವರೆಲ್ಲ ಹೇಗೆ ಎದ್ದು ನಡೆದರು ಎಂದು ಕೇಳಿದೆ. "ಎಷ್ಟು ದಿನದ ಇಲಾಜು ನಿಮ್ಮದು?" ಎಂದರು. ಮೂರು ರವಿವಾರ ಎಂದೆ. ಅವರು ನಕ್ಕರೋ ಇಲ್ಲವೋ ಮಾಸ್ಕಿನೊಳಗೆ ಕಾಣಲಿಲ್ಲ. ಟೊಂಕ ಹಿಡಿದವರಲ್ಲಿ ಹೆಚ್ಚಿನವರಿಗೆ ಹದಿನೈದಿಪ್ಪತ್ತು ದಿನದಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆಯಂತೆ. ಸ್ವಲ್ಪ ಕಾವು, ಸ್ವಲ್ಪ ಮಾತ್ರೆ, ಹಾಸಿಗೆ ಹಿಡಿಯದೆ ಆದಷ್ಟು ಓಡಾಟ, ಅಷ್ಟೇ ಸಾಕಂತೆ. ಉಳಿದ ಕೆಲವರನ್ನು ಗುರುತಿಸಲಿಕ್ಕೇ ನಿನ್ನ ಮೂರು ಪ್ರಶ್ನೆ. ಇಪ್ಪತ್ತೈದು ವರ್ಷ ಕಾಲ ಮಾಡಿದ ಕೆಲಸಕ್ಕೆ ಕಾಲು ಹೆಸರು ತೆಗೆದುಕೊಂಡಿದೆ, ಅಕ್ಕಾ. ಇದು ನನ್ನ ಬದುಕಿನ ಅತ್ಯುತ್ತಮ ಶ್ಲೇಷೆ. ಯಾವ ತರಗತಿಯಲ್ಲೂ ಹೇಳಲಾರೆ.

ಈಗಿನ ಸಂಕಟ ಬೇರೆ. ಅಪ್ಪ ಐದು ದಿನದಿಂದ ವ್ಯಾಯಾಮ ಬಿಟ್ಟಿದ್ದಾನೆ. ಅವನ ತಿಳಿವಳಿಕೆಯಲ್ಲಿ ಮೆಟ್ಟಿದ್ದು ತಪ್ಪಲ್ಲ, ಎರಡಕ್ಕೇ ಬಿಟ್ಟದ್ದು ತಪ್ಪು. "ಎರಡಾದವು, ಒಂದು ಉಳೀತು, ಅದಕ್ಕಽ ಕಾಲು ಅರ್ಧಕ್ಕ ನಿಂತದ. ಮೂರನೇದು ಆಗ್ಲಿ, ಆಮ್ಯಾಲ ನಿಮ್ಮ ಡ್ರಿಲ್ ಮಾಡ್ತೀನಿ" ಎನ್ನುತ್ತಾನೆ. ಅವ್ವನೂ ಹೂಂ ಎನ್ನುತ್ತಾಳೆ. ಇದನ್ನು ಅವಳು ನಿನಗೆ ಹೇಳಿರಲಿಕ್ಕಿಲ್ಲ. ನನ್ನ ಕಾಲು ಉಳುಕಿದೆ ಎಂದಷ್ಟೇ ಹೇಳಿರಬೇಕು.

ಅವ್ವ ನಿನ್ನ ಊಟದ ಬಗ್ಗೆ ವಿಚಾರಿಸಿದ್ದಾಳೆ, ರೊಟ್ಟಿಗೆ ಹಚ್ಚಿಕೊಳ್ಳಲು ಒಂದು ಡಬ್ಬಿ ಶೇಂಗಾ ಹಿಂಡಿ ಲಾರಿಯಲ್ಲಿ ಇಟ್ಟಿದ್ದಾಳೆ. ನಿನಗೆ ಬರೆಯುತ್ತಿದ್ದೇನೆಂದು ಅಪ್ಪನಿಗೆ ಹೇಳಿದೆ. "ಛಲೋ ಅದೀನಿ ಅಂತ ಬರಿ" ಎಂದ. ಬರೆದಿದ್ದೇನೆ.

ನಿನ್ನ ಕೋಪಕ್ಕೆ ಪೂರ್ತಿ ತಕ್ಕವನಾದ ತಮ್ಮ,
ರತ್ನದೀಪ

ತಾ.ಕ.: ಮಶಾಕ ಹೊರಗೆ ಹಾರ್ನ್ ಹಾಕುತ್ತಿದ್ದಾನೆ. ನನ್ನ ಕಾಲು ಉಳುಕಿಲ್ಲ. ಅಪ್ಪ ಮೂರನೇದಕ್ಕೆ ಪೀಡಿಸತೊಡಗಿದಾಗ, ಕಾಲಿನಲ್ಲಿ ಗುಣ ಯಾವತ್ತೂ ಇರಲಿಲ್ಲ ಎಂದು ಹೇಳಲು ಧೈರ್ಯ ಸಾಲದೆ, ಬಲಗಾಲಿಗೆ ಪಟ್ಟಿ ಸುತ್ತಿಕೊಂಡು ಕುಂಟಿದೆ. ಆ ಗೌಡರ ಅಂಗಳವನ್ನು ಅವನ ಕೈಯಿಂದ ಕಸಿದುಕೊಳ್ಳಲು ನನ್ನಿಂದ ಆಗಲಿಲ್ಲ. ಅವನು ನನ್ನ ಕಾಲಿಗೆ ಮರುಗಿ, "ಇರ್ಲಿ ತಮ್ಮಾ, ನೀ ತ್ರಾಸ ಮಾಡ್ಕೋಬ್ಯಾಡ" ಎಂದು ಕಾಳಗಿಯ ಸಿದ್ದಣ್ಣನಿಗೆ ಹೇಳಿ ಕಳಿಸಿದ್ದಾನೆ. ಅವನೂ ಕಾಲು ಮುಂದಾಗಿ ಹುಟ್ಟಿದವನೇ, ನನಗಿಂತ ಮೂವತ್ತು ಕಿಲೊ ಹೆಚ್ಚು. ಈ ರವಿವಾರ ಮುಂಜಾನೆ ಬರುತ್ತಾನೆ. ಬರಬೇಡವೆಂದು ಫೋನು ಮಾಡಿದೆ, "ನಿಮ್ಮಪ್ಪ ಬ್ಯಾಡ ಅನ್ಲಿ, ಬಿಡ್ತೀನಿ" ಎಂದ. ನಾಳೆ ರೈಲು ಹತ್ತಿದರೆ ಶನಿವಾರ ನೀನು ಮನೆಯಲ್ಲಿರುತ್ತೀ. ಪಟ್ಟಿ ಬಿಚ್ಚಿ ಅಪ್ಪನಿಗೆ ನಾನೇ ಹೇಳುತ್ತೇನೆ, ನೀನು ಪಕ್ಕದಲ್ಲಿ ನಿಂತಿದ್ದರೆ ಸಾಕು. ಆ ತಾಮ್ರದ ಚಂಬನ್ನು ಅವ್ವ ನಿನ್ನೆಯೇ ಹುಣಸೆಹಣ್ಣು ಹಚ್ಚಿ ತಿಕ್ಕಿ ಇಟ್ಟಿದ್ದಾಳೆ. ಅಪ್ಪ ಅದನ್ನು ಮಲಗಿದಲ್ಲಿಂದ ಕಾಣುವ ಹಾಗೆ ಇಡಿಸಿಕೊಂಡಿದ್ದಾನೆ.