ಹೊಳೆಕೇರಿ ಓಣಿ ನನ್ನನ್ನು ಬಿಟ್ಟುಕೊಡುತ್ತಿಲ್ಲ

ಹಿರೇಹೊಳೆ,
ಫೆಬ್ರವರಿ ಮೂವತ್ತು, 2184

ಹಿರೇಹೊಳೆ ವಿಶ್ವವಿದ್ಯಾಲಯದ ಮೊಟ್ಟಮೊದಲ ಸೇವಾ ತಂಡದ ಹಿರಿಯರಿಗೆ, ಅಂದರೆ ಈಗಿನ್ನೂ ಇಪ್ಪತ್ತರ ಪ್ರಾಯದಲ್ಲಿರುವ ನಿಮಗೆ, ಪಂಪಾ ಮ್ಯಾಗೇರಿಯ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಪಾಪ, ಅದೊಂದೇ ತಿಂಗಳು ಎಷ್ಟು ಶತಮಾನ ಅಂತ ಅರೆಹೊಟ್ಟೆ ಇದ್ದೀತು? ನಿಮಗೆ ತಿಳಿಯದ ಪದ ಬಂದರೆ ಕ್ಷಮಿಸಿ, ಬಿಡಿಸಿ ಹೇಳುತ್ತ ಹೋಗುತ್ತೇನೆ. ಈ ಪತ್ರ ಬರುತ್ತಿರುವುದು ಹಿಂದಂಚೆಯಲ್ಲಿ. ಕಳೆದ ಕಾಲಕ್ಕೆ ಹೋಗುವ ಅಂಚೆ ಅದು. ಓದು ಮುಗಿಸುವ ಪ್ರತಿ ವಿದ್ಯಾರ್ಥಿಗೂ ಒಂದೇ ಒಂದು ಪತ್ರ ಬರೆಯುವ ಅವಕಾಶ. ಕ್ರಿಕೆಟ್ ಫಲಿತಾಂಶ ಬರೆದರೆ ಅಂಚೆಯವರು ಅಳಿಸಿಬಿಡುತ್ತಾರೆ, ಹಾಗಾಗಿ ಆಸೆ ಇಟ್ಟುಕೊಳ್ಳಬೇಡಿ.

ನಿಮ್ಮ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ನಿಮ್ಮ ಲೆಕ್ಕದಲ್ಲಿ ಹೋದ ವಾರ, ಅಂಕ ಸಿಗುತ್ತದೆಂದು ಪೊರಕೆ ಹಿಡಿದು ಹೊಳೆಕೇರಿ ಓಣಿಗೆ ಹೋದಿರಿ, ಅರ್ಧ ಓಣಿ ಗುಡಿಸಿದಿರಿ, ಫೋಟೊ ತೆಗೆಸಿಕೊಂಡು ಊಟದ ಹೊತ್ತಿಗೆ ವಾಪಸ್ಸು ಹೊರಟಿರಿ. ಆಗ ಯಾರೋ ಹೆಂಗಸು, "ಉಳಿದರ್ಧ ಯಾರು, ನಿಮ್ಮಪ್ಪ ಗುಡಸ್ತಾನೇನು?" ಅಂದಳಂತೆ. ನಾಚಿಕೆಯಾಗಿ ಮರುದಿನವೂ ಹೋದಿರಿ. ನಮ್ಮ ಓಣಿವರ್ಷ ಶುರುವಾಗಿದ್ದು ಆ ಮರುದಿನದಿಂದ.

ಓಣಿವರ್ಷವೆಂದರೆ ಇಷ್ಟೆ. ವೈದ್ಯ ಓದಲಿ, ಕಾನೂನು ಓದಲಿ, ಕೊನೆಯ ವರ್ಷ ಊರಿನ ಒಂದು ಓಣಿಯಲ್ಲಿ ಮನೆಮಾಡಿ, ಕಲಿತದ್ದು ಅಲ್ಲಿನವರ ಉಪಯೋಗಕ್ಕೆ ಬರುವಂತೆ ಬದುಕಬೇಕು. ಆಮೇಲೆ ಓಣಿಯ ಪ್ರತಿ ಮನೆಯವರೂ ಬಾಯಿಬಿಟ್ಟು "ಹೋಗಿ ಬಾ" ಎನ್ನಬೇಕು. ಒಂದು ಮನೆ ಸುಮ್ಮನಿದ್ದರೂ ಪದವಿಯಿಲ್ಲ, ಕುಲಪತಿಗಳು ತಲೆಕೆಳಗಾಗಿ ನಿಂತರೂ ಇಲ್ಲ.

ನಾನು ಕಾನೂನಿನವಳು, ಹೊಳೆಕೇರಿಯ ಜಗಳಗಳು ನನ್ನ ಪಾಲಿಗೆ ಬಂದವು. ಇಲ್ಲಿ ಓಣಿಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಬಿಸಿಲುಹಾಸು ಕಟ್ಟಿರುತ್ತೇವೆ. ಕೆಳಗೆ ನೆರಳು, ಮೇಲೆ ಬಿದ್ದ ಬಿಸಿಲಿನಿಂದ ಮನೆಗಳಿಗೆ ಕರೆಂಟು, ಎರಡೂ ಕೊಡುವ ಬಟ್ಟೆ. ಬೆಳಿಗ್ಗೆ ಅದರ ಮಡಿಕೆ ಬಿಚ್ಚಿ ಹರಡುವುದರೊಳಗೆ ನನ್ನ ಮನೆಯ ಕಟ್ಟೆಯ ಮುಂದೆ ಇಬ್ಬರಾದರೂ ಮುಖ ಊದಿಸಿಕೊಂಡು ನಿಂತಿರುತ್ತಿದ್ದರು. ದೋಣಿಬಸ್ಸಿನ ಸೀಟಿಗೆ ಯಾರ ಟವೆಲು ಮೊದಲು ಬಿತ್ತು ಎಂಬಲ್ಲಿಂದ ಹಿಡಿದು ಅತ್ತೆ ಸೊಸೆಯರ ಒಲೆಯವರೆಗೆ ಎಲ್ಲವನ್ನೂ ಬಗೆಹರಿಸಿದೆ. ಸ್ವಲ್ಪ ಜಂಬವೂ ಬಂದಿತ್ತೆನ್ನಿ. ಅಷ್ಟರಲ್ಲಿ ಹೊಳೆಪೀಠದಿಂದ ಕರೆ ಬಂತು. ಹೊಳೆಯ ಪರವಾಗಿ ವಾದ ಮಾಡುವ ವಕೀಲರ ಕಚೇರಿ ಅದು. ಚಿಕ್ಕಂದಿನಿಂದ ನಾನು ಆಸೆಪಟ್ಟ ಕೆಲಸ. ಯುಗಾದಿಯೊಳಗೆ ಪದವಿ ತರದಿದ್ದರೆ ಜಾಗ ಬೇರೆಯವರಿಗೆ.

ಎಲ್ಲ ಮನೆಯವರೂ ಹೋಗಿ ಬಾ ಅಂದರು. ಎದುರುಬದುರು ಮನೆಯ ಕಳಕಪ್ಪಜ್ಜ, ಸಂಗವ್ವಾಯಿ ಮಾತ್ರ ಹಾಗನ್ನದೆ ಜಗಳ ತೆಗೆದರು. ಬಿಸಿಲುಹಾಸನ್ನು ಇವಳು ತನ್ನ ಕಡೆಗೆ ಎಳೆದುಕೊಂಡಿದ್ದಾಳೆ ಎಂದು ಅವನು, ಮುದುಕನಿಗೆ ಕಣ್ಣು ಮಂಜಾಗಿದೆ ಎಂದು ಅವಳು. ಹಗ್ಗ ಹಿಡಿದು ಅಳೆದೆ, ಸರಿಯಾಗಿಯೇ ಇತ್ತು. ಮರುದಿನ ಬೇರೆ ತಕರಾರು. ಕೊನೆಗೊಮ್ಮೆ ರಾಜಿ ಮಾಡಿಸೋಣವೆಂದು ಅಜ್ಜನ ಮನೆಗೆ ಹಿತ್ತಿಲ ಬಾಗಿಲಿಂದ ಹೋದರೆ, ವಾದಿ ಪ್ರತಿವಾದಿ ಇಬ್ಬರೂ ಒಂದೇ ತಟ್ಟೆಯಲ್ಲಿ ಗಿರಮಿಟ್ಟು ತಿನ್ನುತ್ತ ನಾಳೆ ಯಾವ ಜಗಳ ಆಡೋಣವೆಂದು ಯೋಚಿಸುತ್ತಿದ್ದಾರೆ!

"ಇದೇನ್ ನಾಟಕ ಅಜ್ಜಾ?" ಎಂದು ರೇಗಿದೆ.

"ನೀ ಹೋದಿ ಅಂದ್ರ ನಮ್ಮ ಜಗಳ ಯಾರ್ ಬಿಡಸ್ಬೇಕವಾ?" ಎಂದ ಅಜ್ಜ, ಬಾಯಿ ಆಡಿಸುತ್ತಲೇ.

ಸಿಟ್ಟಿನಲ್ಲಿ ಮನೆಗೆ ಬಂದು ದಡಕ್ಕನೆ ಬಾಗಿಲು ಹಾಕಿಕೊಂಡೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಅಯ್ಯೋ ದೇವರೇ, ವರ್ಷವಿಡೀ ಜಗಳ ಬಿಡಿಸಿದ್ದೇ ಬಂತು, ಬಿಡಿಸುವುದು ಹೇಗೆಂದು ಒಬ್ಬರಿಗಾದರೂ ಕಲಿಸಿದ್ದೆನೆ? ನಾನಿಲ್ಲದೆ ಒಂದು ದಿನ ನಡೆಯದ ಹಾಗೆ ಓಣಿಯನ್ನು ಮಾಡಿಟ್ಟಿದ್ದೆ.

ಮಾರನೆಯ ದಿನ ಮೂಲೆಮನೆಯವರ ಕೋಳಿಗಳು ಪಕ್ಕದವರ ಮೆಂತ್ಯದ ಮಡಿ ಕೆದರಿದವು. ಇದು ಸಾಚಾ ಜಗಳ. ಅಜ್ಜನನ್ನೂ ಆಯಿಯನ್ನೂ ನನ್ನ ಕಟ್ಟೆಯ ಮೇಲೆ ಕೂರಿಸಿ ನಾನು ಕೆಳಗೆ ಕೂತೆ. ಎರಡೂ ಕಡೆಯ ಮಾತು ಪೂರ್ತಿ ಕೇಳುವ ತನಕ ತುಟಿ ಬಿಚ್ಚಬೇಡಿ ಎಂದಷ್ಟೇ ಹೇಳಿದೆ. ಕಳಕಪ್ಪಜ್ಜನಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ನಡುನಡುವೆ ಅಜ್ಜ, ಆಯಿ ಇಬ್ಬರೂ ನನ್ನ ಮುಖ ನೋಡುತ್ತಿದ್ದರು, ನಾನು ಕೋಳಿಗಳನ್ನು ನೋಡುತ್ತಿದ್ದೆ. ಮಧ್ಯಾಹ್ನ ತೀರ್ಪು ಬಂತು: ಕೋಳಿಯವರು ಬೇಲಿ ಕಟ್ಟಬೇಕು, ಮೆಂತ್ಯದವರು ಕೈಜೋಡಿಸಬೇಕು, ಸೊಪ್ಪು ಮತ್ತೆ ಚಿಗುರುವ ತನಕ ಮೊಟ್ಟೆ ಅವರ ಮನೆಗೆ. ಎರಡೂ ಮನೆಯವರು ಗೊಣಗುತ್ತ ಒಪ್ಪಿದರು. ಅಜ್ಜ ಮೀಸೆ ತಿರುವಿ, "ಹೋಗಿ ಬಾರವಾ, ಇನ್ನ ನಮ್ಮ ಕೋರ್ಟ್ ನಾವ್ ನೋಡ್ಕೋತೀವಿ" ಎಂದ. ಸಂಗವ್ವಾಯಿ ಎದ್ದು ತನ್ನ ಮನೆಯೊಳಗೆ ಹೋದಳು.

ಅವಳ ಬಾಯಿಂದಲೂ ಆ ಮಾತು ಬರಲೆಂದು ಕಾಯುತ್ತ ಇದನ್ನು ಬರೆಯುತ್ತಿದ್ದೇನೆ. ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಅಂಕ ಬಂದ ಮೇಲೆ ನಿಮ್ಮಲ್ಲೇ ಕೆಲವರು ಈ ಓಣಿಯ ಉಸಾಬರಿ ಸಾಕು ಎನ್ನಲಿದ್ದಾರೆ. ದಯವಿಟ್ಟು ಇನ್ನೊಂದು ದಿನ ಹೋಗಿ, ಆಮೇಲೆ ಇನ್ನೊಂದು ದಿನ. ಹೋದಾಗ ಎಲ್ಲವನ್ನೂ ನೀವೇ ಮಾಡಿ ಮುಗಿಸಬೇಡಿ.

ಇಗೋ, ಬಂದಳು. ಕೈಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ. ಗಂಟನ್ನು ನನ್ನ ಮಡಿಲಿಗೆ ಹಾಕಿ, ಸೆರಗಿನಿಂದ ಕಣ್ಣು ಒರೆಸಿಕೊಂಡು, ನ್ಯಾಯಾಧೀಶರ ಗತ್ತಿನಲ್ಲಿ ಹೇಳಿದಳು: "ಹೋಗಿ ಬಾ ನನ್ನವ್ವಾ. ಹೊಳ್ಳಿ ಬರಲಿಲ್ಲ ಅಂದ್ರ ನಿನ್ನ ಮ್ಯಾಲ ನಾನೇ ಕೇಸ್ ಹಾಕ್ತೀನಿ, ತೀರ್ಪೂ ನಾನೇ ಕೊಡ್ತೀನಿ."