ಕೃಷಿ ಪದವಿಯ ಒಂದು ಸೀಟು

ಕೃಷಿ ಕಾಲೇಜಿನ ಪ್ರಾಂಶುಪಾಲರಿಗೆ ನಮಸ್ಕಾರ.

ನಿಮ್ಮಲ್ಲಿ ನನಗೆ ಸೀಟು ಸಿಕ್ಕಿದೆ. ಸೇರಲು ಇವತ್ತೇ ಕಡೆಯ ದಿನ. ನಾನು ಬಿಟ್ಟರೆ ಸಾಕೆಂದು ನೂರಾರು ಮಂದಿ ಕಾಯುತ್ತಿದ್ದಾರಂತೆ.

ಅಪ್ಪನದು ಔಷಧಿ ಅಂಗಡಿ. ನಾನೂ ಫಾರ್ಮಸಿಯನ್ನೇ ಓದಬೇಕಂತೆ. “ಮಣ್ಣು ಹೊರೋಕೂ ಡಿಗ್ರಿ ಬೇಕೇನೇ?” ಎಂದು ನಕ್ಕು, ನನ್ನ ಅಂಕಪಟ್ಟಿಗಳನ್ನೆಲ್ಲ ಅಂಗಡಿಯ ಕಪಾಟಿಗೆ ಹಾಕಿ ಬೀಗ ಜಡಿದಿದ್ದಾರೆ. ತಾರಸಿಯ ಬಕೆಟ್ಟುಗಳಲ್ಲಿ ಬೆಳೆಸಿದ ಟೊಮೆಟೊಗೆ ಯಾವ ರೋಗ ಯಾವಾಗ ಬಂತೆಂದು ಬರೆದಿಟ್ಟ ನನ್ನ ಪುಸ್ತಕವೂ ಅದರೊಳಗಿದೆ. ನಾಲ್ಕು ದಿನದಿಂದ ನನ್ನನ್ನು ಕಣ್ಣೆದುರೇ ಕೂರಿಸಿಕೊಂಡಿದ್ದಾರೆ. ಈಗಲೂ ಮಾತ್ರೆ ಡಬ್ಬಿಗಳ ಮರೆಯಲ್ಲಿ ಬರೆಯುತ್ತಿದ್ದೇನೆ.

ಉಳಿದಿರುವುದು ನಕಲು ಪ್ರತಿಗಳಷ್ಟೇ. ಸದ್ಯಕ್ಕೆ ಅವನ್ನೇ ಒಪ್ಪಿಕೊಳ್ಳಿ.

ಈ ಪತ್ರ ತಂದವರು ನನ್ನ ಅಮ್ಮ. ಅಪ್ಪನನ್ನು ಕೇಳದೆ ಇದುವರೆಗೆ ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ. ದಯವಿಟ್ಟು ಕುರ್ಚಿ ಕೊಡಿ. ಪೋಷಕರ ಸಹಿ ಇವತ್ತು ಅವರೇ ಹಾಕುತ್ತಾರೆ; ಅವಸರ ಮಾಡಬೇಡಿ.

ಇಂತಿ,
ಬರಲಾಗದ ನಿಮ್ಮ ವಿದ್ಯಾರ್ಥಿನಿ